ಮನಸ್ಸಿನ ತಕ್ಕಡಿಗೆ ಮುದ್ರೆ ಬಿದ್ದಿದೆಯೇ?

ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆಯಿರಬೇಕೆಂಬ ನಿಯಮವುಂಟು. ಕಾಲು ಕಿಲೋ ಬೇಳೆಗೂ ತೂಕವನ್ನು ನೋಡದೆ ದುಡ್ಡು ಕೊಡುವವರಲ್ಲ ನಾವು. ಆದರೆ ಮಕ್ಕಳ ಸ್ವಭಾವವನ್ನೇ ತೂಗಿ ಹೇಳುವೆವೆನ್ನುವ ಪ್ರಶ್ನಾವಳಿಗಳು ಶಾಲೆಯಿಂದಲೋ, ಉದ್ಯೋಗ ಕೊಡುವ ಕಂಪನಿಯಿಂದಲೋ ಬಂದಾಗ ಆ ತಕ್ಕಡಿಯನ್ನು ಯಾರು ಪರೀಕ್ಷಿಸಿದರೆಂದು ಕೇಳುವವರು ವಿರಳ.

'ಹೊಸಬರೊಡನೆ ಸಲೀಸಾಗಿ ಮಾತನಾಡುವೆಯಾ? ಹೌದು, ಇಲ್ಲ.' ಇಂಥವು ನೂರು ಪ್ರಶ್ನೆ. ಉತ್ತರಗಳನ್ನು ಕೂಡಿದರೆ ಒಂದು ಅಂಕ. ಅಂಕದ ಮುಂದೆ ಒಂದು ಹಣೆಪಟ್ಟಿ. ಈ ಪದ್ಧತಿಗೆ ಶತಮಾನ ಕಳೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಮನಸ್ಸು ಕದಡಿದ ಸಿಪಾಯಿಗಳು ಹೆಚ್ಚಿದಾಗ, ಅಂಥವರನ್ನು ಮೊದಲೇ ಗುರುತಿಸಲೆಂದು ಅಮೆರಿಕದ ರಾಬರ್ಟ್ ವುಡ್‌ವರ್ತ್ 116 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅದು ಬಳಕೆಗೆ ಬರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು! (ಕಚೇರಿಯ ಕಡತಗಳ ನಡಿಗೆಯನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.)

ಇಂಥ ಪಟ್ಟಿಯನ್ನು ಪರೀಕ್ಷಿಸುವುದೆಂತು? ಅದೇ ಜನಕ್ಕೆ ಕೆಲವು ವಾರಗಳ ಬಳಿಕ ಅದನ್ನೇ ಮತ್ತೆ ಕೊಟ್ಟು ನೋಡುವುದು ಒಂದು ಹಾದಿ. ಬೇಗ ಕೊಟ್ಟರೆ ಹಳೆಯ ಉತ್ತರ ನೆನಪಿನಲ್ಲಿರುತ್ತದೆ. ತಡವಾದರೆ ಮನುಷ್ಯನೇ ಬದಲಾಗಿರಬಹುದು. ಇನ್ನೊಂದು ಹಾದಿ, ಬೆಸ ಸಂಖ್ಯೆಯ ಪ್ರಶ್ನೆಗಳ ಅಂಕವನ್ನೂ ಸಮಸಂಖ್ಯೆಯವುಗಳ ಅಂಕವನ್ನೂ ಬೇರೆಬೇರೆ ಕೂಡಿ, ಎರಡೂ ಹೊಂದುವುವೇ ಎಂದು ನೋಡುವುದು. ಇದಕ್ಕೆ ಬೇಕಾದ ಸೂತ್ರವನ್ನು 1910ರಲ್ಲಿ ಕೊಟ್ಟ ಇಬ್ಬರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಒಬ್ಬರು. ಲಂಡನ್ನಿನಲ್ಲಿ ಅವರಲ್ಲಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಮಾಡಿದವರೂ ಅವರೇ. ಈ ಹೊಂದಾಣಿಕೆಯನ್ನು 0ಯಿಂದ 1ರವರೆಗಿನ ಅಂಕಿಯಲ್ಲಿ ಹೇಳುತ್ತಾರೆ. ಸಂಶೋಧನೆಗೆ 0.7 ಸಾಕೆನ್ನುವ ಪಂಡಿತರೂ, ಒಬ್ಬ ವ್ಯಕ್ತಿಯ ವಿಷಯದಲ್ಲಿ ತೀರ್ಮಾನ ಮಾಡುವಾಗ 0.9 ಆದರೂ ಇರಲೆನ್ನುತ್ತಾರೆ.

ಆದರೆ ಹತ್ತು ನಿಮಿಷ ಮುಂದಿರುವ ಗೋಡೆಯ ಗಡಿಯಾರ ದಿನವೂ ಹತ್ತೇ ನಿಮಿಷ ಮುಂದಿರುತ್ತದೆ. ಒಂದೇ ಸುಳ್ಳನ್ನು ಎರಡು ಸಲ ಹೇಳಿದವನ ಅಂಕವೂ ಚೆನ್ನಾಗಿ ಹೊಂದುತ್ತದೆಯಲ್ಲವೇ? ಅದಕ್ಕಾಗಿ 1943ರಲ್ಲಿ ಪ್ರಕಟವಾದ ಮಿನೆಸೋಟ ಪ್ರಶ್ನಾವಳಿಯಲ್ಲಿ 15 ಬಲೆಗಳನ್ನು ಒಡ್ಡಿದರು. ಯಾವಾಗಲಾದರೂ ಸಿಟ್ಟು ಬರುವುದೇ ಎಂಬಂಥವು. ಎಲ್ಲಕ್ಕೂ 'ಇಲ್ಲ' ಎನ್ನುವವನು ಮಹಾತ್ಮನಾಗಿರಬೇಕು, ಇಲ್ಲವೇ ನಮ್ಮನಿಮ್ಮಂಥ ಉಮೇದುವಾರ.

'ವರದಿ ಓದಿದೆ, ಅಕ್ಷರಶಃ ನಾನೇ!' ಎಂಬ ಮಾತಿಗೂ ಬೆಲೆ ಕಡಮೆ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಅಧ್ಯಾಪಕರು ತಮ್ಮ 39 ವಿದ್ಯಾರ್ಥಿಗಳಿಂದ ಪ್ರಶ್ನಾವಳಿ ತುಂಬಿಸಿಕೊಂಡು, ಬಳಿಕ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರದಿಯೆಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ, 5ಕ್ಕೆ ಅಂಕ ಕೊಡಿರೆಂದಾಗ ಸರಾಸರಿ 4.26 ಬಂತು. ಎಲ್ಲ ಹಾಳೆಗಳಲ್ಲಿಯೂ ಒಂದೇ ಬರಹ. ಅದೂ ಬಹುಮಟ್ಟಿಗೆ ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿಕೊಂಡದ್ದು!

ನಮ್ಮಂಥ ಹೊರನಾಡಿನವರಿಗೆ ಇನ್ನೊಂದು ತೊಡಕುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪ್ರಶ್ನೆ ಇಂಗ್ಲಿಷಿನಲ್ಲಿ. ನಮ್ಮ ಪಕ್ಕದ ಮನೆಯ ಹುಡುಗಿ 'ಅಪರಿಚಿತರೊಡನೆ ಮಾತನಾಡುವೆಯಾ?' ಎಂಬುದಕ್ಕೆ 'ಇಲ್ಲ' ಎಂದು ಬರೆದಳು, ಅಮ್ಮ ಬೇಡವೆಂದಿದ್ದಾಳಲ್ಲ! 'ಸಂಕೋಚ ಸ್ವಭಾವ' ಎಂದು ವರದಿ ಬಂತು. ಬೇರೆ ಭಾಷೆಯ ಪಟ್ಟಿಯನ್ನು ಇಲ್ಲಿ ಬಳಸುವಾಗ ಅನುವಾದಿಸಿ, ಮತ್ತೊಬ್ಬರಿಂದ ಮೂಲಭಾಷೆಗೆ ತಿರುಗಿಸಿ, ಇಲ್ಲಿನ ಮಕ್ಕಳ ಮೇಲೆ ಹೊಸದಾಗಿ ಪರೀಕ್ಷಿಸಬೇಕೆಂಬುದು ಶಾಸ್ತ್ರದ ಕ್ರಮ. ಈ ಪಟ್ಟಿಯನ್ನು ಯಾವ ಮಕ್ಕಳ ಮೇಲೆ ಪರೀಕ್ಷಿಸಿದ್ದಾರೆ, ಎಷ್ಟು ವಾರಗಳ ಬಳಿಕ ಮತ್ತೆ ಕೊಟ್ಟರು, ಅಂಕಿ ಎಷ್ಟು ಬಂತು ಎಂಬ ಮೂರು ಪ್ರಶ್ನೆಗಳನ್ನು ಆಕೆಯ ತಂದೆ ಈಗ ಶಾಲೆಗೆ ಬರೆದು ಕಳುಹಿಸಿದ್ದಾರೆ.