ಬೆನ್ನೀರಿನ ಬುಗ್ಗೆ

ನಮ್ಮ ಬಸವಾಪಟ್ಟಣದ ಕಡೆಯವರಿಗೆ ನೀರೆಂದರೆ ಸೂಳೆಕೆರೆ. ಕೊಳವೆಂದರೆ ಸಂತೇಬೆನ್ನೂರಿನ ಪುಷ್ಕರಿಣಿ. ಎರಡೂ ತಣ್ಣೀರೇ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ನೆಲದೊಳಗಿನಿಂದ ಬಿಸಿನೀರು ಉಕ್ಕುತ್ತದೆಂದು ಹೇಳಿ, ಅಲ್ಲಿಗೆ ಹೋಗೋಣವೇ ಎಂದು ಕೇಳಿದಾಗ ನನ್ನ ಮಿತ್ರ ನಕ್ಕುಬಿಟ್ಟ. ಅವನು ಅಡಕೆ ತೋಟದವನು. ಹಿಂದೊಮ್ಮೆ ಸಸಿ ನೋಡಲು ಆ ಸೀಮೆಗೆ ಹೋಗಿದ್ದವನು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆ ಬುಗ್ಗೆಯನ್ನೂ ಕಂಡು ಬಂದಿದ್ದ. "ಬಿಸಿಯೂ ಇಲ್ಲ, ಗಿಸಿಯೂ ಇಲ್ಲ. ಬರೀ ಉಗುರುಬೆಚ್ಚಗೆ. ಹೆಸರು ಮಾತ್ರ ದೊಡ್ಡದು ಕಣಯ್ಯ" ಎಂದ.

ಆದರೆ ಕಳೆದ ಮಾಗಿಯಲ್ಲಿ ಅವನ ಮೊಣಕಾಲಿನ ನೋವು ಬಲವಾಯಿತು. ಮನೆಯವರ ಒತ್ತಾಯಕ್ಕೆ ಮಣಿದು ಹೊರಟ. ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆಯ ಘಾಟಿ ಇಳಿದು, ಪುತ್ತೂರಿನಲ್ಲಿ ರಾತ್ರಿ ಕಳೆದು, ಧನುರ್ಮಾಸದ ನಸುಕಿನಲ್ಲಿ ನಾವು ಬೆಂದ್ರು ತೀರ್ಥದ ಬಳಿ ನಿಂತಿದ್ದೆವು. ವಿಹಾರಧಾಮದ ಸೊಗಸನ್ನು ಬಯಸಿ ಹೋಗುವವರಿಗೆ ಅಲ್ಲಿ ನಿರಾಶೆಯೇ. ಸುತ್ತ ಅಡಕೆ ತೋಟ, ಪಕ್ಕದಲ್ಲಿ ಸೀರೆ ಹೊಳೆ, ಕಟ್ಟಿ ನಿಲ್ಲಿಸಿದ ಒಂದು ಕೊಳ. ಕಣ್ವ ಮಹರ್ಷಿಗಳು ತಪಸ್ಸು ಮಾಡಿದರೆಂಬ ಐತಿಹ್ಯ. ಅಷ್ಟೆ. ಆದರೆ ನೀರಿನ ಮೇಲೆ ತೆಳುವಾದ ಹಬೆ ಆಡುತ್ತಿತ್ತು. ಮಿತ್ರ ಕಾಲಿಟ್ಟವನು ಸರಕ್ಕನೆ ಹಿಂದಕ್ಕೆಳೆದುಕೊಂಡ. "ಅಯ್ಯೋ, ಇದೇನಯ್ಯ ಸುಡುತ್ತದೆ!"

ನೀರು ಬದಲಾಗಿರಲಿಲ್ಲ. ಆ ಬುಗ್ಗೆಯ ಶಾಖ 99ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಎನ್ನುತ್ತಾರೆ. ಹೆಚ್ಚುಕಡಿಮೆ ನಮ್ಮ ಮೈಯ ಬಿಸಿ, ಇಲ್ಲವೆ ಜೋರು ಜ್ವರದ ಬಿಸಿ. ಬೇಸಗೆಯ ನಡುಹಗಲಿನಲ್ಲಿ ಅದು ಸಪ್ಪೆ. ಮಾಗಿಯ ನಸುಕಿನಲ್ಲಿ ತಣ್ಣಗಾದ ಪಾದಕ್ಕೆ ಅದೇ ಸುಡುನೀರು. ನಮ್ಮ ಊರಿನ ಬಾವಿಯ ನೀರೂ ಚಳಿಗಾಲದಲ್ಲಿ ಬೆಚ್ಚಗೆ ಅನ್ನಿಸುವುದು ಇದೇ ಕಾರಣದಿಂದ.

ಹೆಸರಿನ ವಿಚಾರವಾಗಿ ಒಂದು ಮಾತು. ಬೆಂದ್ರ್ ಎಂದರೆ ತುಳುವಿನಲ್ಲಿ ಬಿಸಿನೀರು. ಹಳಗನ್ನಡದಲ್ಲಿ ಇದು ಬೆನ್ನೀರ್. ತಣ್ಣೀರು, ಬೆನ್ನೀರು ಒಂದು ಕಾಲಕ್ಕೆ ಜೋಡಿಪದಗಳು. ನಾವು ತಣ್ಣೀರನ್ನು ಉಳಿಸಿಕೊಂಡು ಬೆನ್ನೀರನ್ನು ಮರೆತೆವು. ನೆರೆಯ ತುಳುವರು ಅದನ್ನು ಬಚ್ಚಲಿನಲ್ಲೂ ತೀರ್ಥದಲ್ಲೂ ಕಾಪಾಡಿದ್ದಾರೆ.

ಇನ್ನು ಒಲೆ ಎಲ್ಲಿದೆ? ಬಿಸಿನೀರೆಂದೊಡನೆ ಜ್ವಾಲಾಮುಖಿಯನ್ನು ನೆನೆಯುವುದು ವಾಡಿಕೆ. ಇಲ್ಲಿ ಅಂಥದೇನೂ ಇಲ್ಲ. ನೆಲದಾಳಕ್ಕೆ ಇಳಿದಷ್ಟೂ ಬಂಡೆಯ ಶಾಖ ಏರುತ್ತದೆ. ಇದಕ್ಕೆ ನಮ್ಮ ನಾಡಿನದೇ ಸಾಕ್ಷಿ ಕೋಲಾರದ ಚಿನ್ನದ ಗಣಿ. 2001ರಲ್ಲಿ ಮುಚ್ಚಿದ ಆ ಗಣಿಯಲ್ಲಿ 3 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸನ್ನು ದಾಟಿತ್ತು. ಎಂದರೆ ಕಿಲೋಮೀಟರಿಗೆ ಸುಮಾರು 12 ಡಿಗ್ರಿಯ ಏರಿಕೆ. ಕರಾವಳಿಯ ಮಳೆನೀರು ಬಂಡೆಯ ಬಿರುಕಿನಲ್ಲಿ ಇಳಿದು, ಕಾದು, ಇನ್ನೊಂದು ಬಿರುಕಿನಲ್ಲಿ ಬೇಗನೆ ಮೇಲೇರಿದರೆ ಬುಗ್ಗೆಯಾಗುತ್ತದೆ. ನಿಧಾನವಾಗಿ ಏರಿದರೆ ದಾರಿಯಲ್ಲೇ ಆರಿಹೋಗುತ್ತದೆ. ಸಾಧಾರಣ ಬಾವಿಯ ನೀರಿಗಿಂತ 10 ಡಿಗ್ರಿ ಹೆಚ್ಚಬೇಕಾದರೆ, ಕೋಲಾರದ ಲೆಕ್ಕ ಇಲ್ಲಿಗೂ ಹೊಂದುವುದಾದರೆ, ಆ ನೀರು ಮುಕ್ಕಾಲು ಕಿಲೋಮೀಟರಿಗಿಂತ ಆಳಕ್ಕೆ ಹೋಗಿ ಬಂದಿರಬೇಕು. ಮೇಲಿನ ತಣ್ಣೀರು ನಡುವೆ ಬೆರೆತಿದ್ದರೆ ಇನ್ನೂ ಆಳಕ್ಕೆ.

ಕಟ್ಟೆಯ ಮೇಲೆ ಕುಳಿತು, ಮೊಣಕಾಲುಗಳನ್ನು ನೀರಿಗೆ ಇಳಿಬಿಟ್ಟು, ಮಿತ್ರ ಇದನ್ನೆಲ್ಲ ಕೇಳಿದ. ಗಂಧಕದ ನೀರು ಚರ್ಮರೋಗಕ್ಕೆ ಒಳ್ಳೆಯದೆಂಬ ನಂಬಿಕೆ ಅಲ್ಲಿದೆ. ಕೀಲುನೋವಿಗೆ ಈ ನೀರು ಮದ್ದೆಂದು ನಾನು ಹೇಳಲಾರೆ; ಬೆಚ್ಚನೆಯ ನೀರಿನಲ್ಲಿ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ, ಇಳಿದು ನಿಂತರೆ ಮೈಭಾರ ಹಗುರಾಗುತ್ತದೆ, ನೋವು ಕೊಂಚ ಹೊತ್ತು ತಗ್ಗುತ್ತದೆ. ಅವನಿಗೂ ತಗ್ಗಿತು. ವೈದ್ಯರ ಗುಳಿಗೆಯನ್ನು ನಿಲ್ಲಿಸಬೇಡವೆಂದು ನಾನು ಎರಡು ಸಲ ಹೇಳಬೇಕಾಯಿತು.

"ಸುತ್ತಲ ತೋಟಗಳಲ್ಲಿ ಕೊಳವೆಬಾವಿ ಕೊರೆದರೆ ಈ ಬಿರುಕಿಗೆ ಏನಾಗುತ್ತದೆ?" ಎಂದು ಅವನು ಥಟ್ಟನೆ ಕೇಳಿದ. ತೋಟದವನಿಗೆ ಮಾತ್ರ ಹೊಳೆಯುವ ಪ್ರಶ್ನೆ. ನೆಲದೊಳಗಿನ ನೀರನ್ನು ಬಹಳವಾಗಿ ಎತ್ತಿದರೆ ಬುಗ್ಗೆಯನ್ನು ಮೇಲಕ್ಕೆ ದೂಡುವ ಒತ್ತಡ ಕುಗ್ಗುತ್ತದೆ. ತಣ್ಣೀರು ಒಳನುಗ್ಗಿ ಬೆರೆಯುತ್ತದೆ. ಬುಗ್ಗೆ ಮೊದಲು ತಣಿದು ಆಮೇಲೆ ಬತ್ತಬಹುದು. ಯಾರೂ ಅದನ್ನು ಮುಟ್ಟಬೇಕಾಗಿಲ್ಲ, ಎಂದೆ.

ಸಂಕ್ರಾಂತಿ ಕಳೆದ ಮೇಲೆ ತೋಟದಲ್ಲಿ ಮೂರನೆಯ ಕೊಳವೆಬಾವಿ ಕೊರೆಸುವೆನೆಂದು ಘಾಟಿ ಇಳಿಯುವಾಗ ಅವನು ಉತ್ಸಾಹದಿಂದ ವರ್ಣಿಸಿದ್ದ. ಘಾಟಿ ಹತ್ತುವಾಗ ಆ ಮಾತನ್ನು ಎತ್ತಲಿಲ್ಲ. ನಾನೂ ಕೇಳಲಿಲ್ಲ.