ಯಾರೂ ನೋಡದಾಗಲೂ ನಿಯಮ ಪಾಲಿಸುವುದೇಕೆ?

ಪ್ರಶ್ನೆ: ಸಮಾಜದ ಹತೋಟಿ ಜನರ ಯೋಚನೆಯನ್ನೂ ಬದಲಿಸುತ್ತದೆಯೇ? (ಮಂಡಿ ಮೊಹಲ್ಲಾ, ಮೈಸೂರು)

ಉತ್ತರ: ಹೌದು. ಸಾಮಾಜಿಕ ನಿಯಂತ್ರಣ ಎರಡು ಬಗೆ. ಕಾನೂನು, ಪೊಲೀಸು, ದಂಡ ಔಪಚಾರಿಕ. ನೆರೆಹೊರೆಯವರ ಮೆಚ್ಚುಗೆ, ನಿಂದೆ ಅನೌಪಚಾರಿಕ. ಮಂಡಿ ಮೊಹಲ್ಲಾದಂಥ ವ್ಯಾಪಾರದ ಕೇರಿಗಳಲ್ಲಿ ಎರಡೂ ಜೊತೆಗಿವೆ. ಮಾತಿಗೆ ತಪ್ಪಿದ ವರ್ತಕನಿಗೆ ಸಾಲ ಹುಟ್ಟುವುದು ಕಷ್ಟ. ಹೆಸರು ಕೆಡುವ ಭಯವೇ ವರ್ತಕರನ್ನು ಹದ್ದಿನಲ್ಲಿಡುತ್ತದೆ. ಔಪಚಾರಿಕ ಹತೋಟಿಗೆ ಬಂದರೆ, 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ ಸಿಸಿಟಿವಿ ಕಡ್ಡಾಯ ಮಾಡಿತು. ಕ್ಯಾಮೆರಾ ಇದೆಯೆಂಬ ಅರಿವೇ ನಡೆಯನ್ನು ತಿದ್ದುತ್ತದೆ. ಇಂಥ ಕಣ್ಗಾವಲು ಕ್ರಮೇಣ ಮನಸ್ಸಿನೊಳಗೇ ನೆಲೆಸುತ್ತದೆಂದು ಫ್ರೆಂಚ್ ಚಿಂತಕ ಮಿಶೆಲ್ ಫೂಕೊ 1975ರಲ್ಲಿ ವಿವರಿಸಿದರು. ‘ನಾಲ್ಕು ಜನ ಏನಂದಾರು’ ಎಂಬ ಅಳುಕು ಹೆಣ್ಣುಮಕ್ಕಳ ಓದು, ಉಡುಪು, ಮದುವೆಗಳನ್ನು ನಿರ್ಧರಿಸುವುದೂ ಹೀಗೆಯೇ. ನಂಬಿಕೆ ಉಳಿಸುವ ಹತೋಟಿ ಸಮಾಜಕ್ಕೆ ಬೇಕು. ಯೋಚಿಸುವ ಸ್ವಾತಂತ್ರ್ಯ ಕಸಿಯುವ ಹತೋಟಿಯನ್ನು ಪ್ರಶ್ನಿಸಲೇಬೇಕು.