ಎಣಿಕೆಯಿಂದ ಮೂಡುವ ನಿಖರ ಪಲ್ಸ್

ವೋಲ್ಟೇಜು ಥಟ್ಟನೆ ಮೇಲೇರಿ, ಗೊತ್ತಾದಷ್ಟು ಹೊತ್ತು ಅಲ್ಲೇ ನಿಂತು, ಮತ್ತೆ ಥಟ್ಟನೆ ಇಳಿದರೆ ಅದನ್ನು ಪಲ್ಸ್ ಎನ್ನುತ್ತಾರೆ. ಕೈಗಡಿಯಾರದ ಮುಳ್ಳಿನಿಂದ ಹಿಡಿದು ರೋಬೋಟಿನ ತೋಳನ್ನು ತಿರುಗಿಸುವ ಸರ್ವೋ ಮೋಟಾರಿನವರೆಗೆ ಅನೇಕ ಸಾಧನಗಳು ಇಂಥ ಪಲ್ಸುಗಳ ಸಾಲನ್ನೇ ನೆಚ್ಚಿವೆ.

ಪಲ್ಸುಗಳನ್ನು ಹುಟ್ಟಿಸುವುದು ಕಷ್ಟವಲ್ಲ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ರೂಪಿಸಿದ 555 ಟೈಮರ್ ಚಿಪ್ಪಿಗೆ ಜೋಡಿಸಿದ ಕೆಪಾಸಿಟರ್, ಸರಬರಾಜು ವೋಲ್ಟೇಜಿನ ಮೂರನೇ ಎರಡು ಭಾಗದಷ್ಟು ತುಂಬಿದೊಡನೆ ಬರಿದಾಗತೊಡಗಿ, ಮೂರನೇ ಒಂದು ಭಾಗಕ್ಕೆ ಇಳಿದೊಡನೆ ಮತ್ತೆ ತುಂಬತೊಡಗುತ್ತದೆ. ಈ ಏರಿಳಿತಕ್ಕೆ ತಕ್ಕಂತೆ ಹೊರಗೆ ಪಲ್ಸುಗಳು ಬರುತ್ತವೆ. ದೀಪ ಮಿನುಗಿಸಲು ಇಷ್ಟು ಸಾಕು. ಆದರೆ ಕೆಪಾಸಿಟರಿನ ಮೌಲ್ಯ ಶೇ. 1ರಷ್ಟು ಹೆಚ್ಚುಕಡಿಮೆಯಾದರೂ ಅದನ್ನು ನಂಬಿದ ಗಡಿಯಾರ ದಿನಕ್ಕೆ 14 ನಿಮಿಷಕ್ಕೂ ಹೆಚ್ಚು ತಪ್ಪುತ್ತದೆ.

ಆದ್ದರಿಂದ ನಿಖರತೆಗೆ ಸ್ಫಟಿಕ ಶಿಲೆಯ, ಅಂದರೆ ಕ್ವಾರ್ಟ್ಜ್‌ನ ಮೊರೆಹೋಗಬೇಕು. ಅದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ, ವಿದ್ಯುತ್ ಕೊಟ್ಟರೆ ಅದರ ಆಕಾರ ಕಿಂಚಿತ್ ಬದಲಾಗುತ್ತದೆ. ಕೈಗಡಿಯಾರದಲ್ಲಿ ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಪುಟ್ಟ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಸಾಮಾನ್ಯ ಹರಳು ತಪ್ಪಿದರೂ ಹತ್ತು ಲಕ್ಷಕ್ಕೆ 20ರ ಆಸುಪಾಸು, ಎಂದರೆ ದಿನಕ್ಕೆ ಎರಡು ಸೆಕೆಂಡಿಗಿಂತ ಕಡಿಮೆ.

ಇಲ್ಲಿಂದ ಮುಂದಿನದು ಡಿಜಿಟಲ್ ಮಂಡಲದ ಕೆಲಸ. ಫ್ಲಿಪ್-ಫ್ಲಾಪ್ ಎಂಬ ಮಂಡಲವನ್ನು ಪ್ರತಿ ಪಲ್ಸಿಗೊಮ್ಮೆ ಸ್ಥಿತಿ ಬದಲಿಸುವಂತೆ ಜೋಡಿಸಿದರೆ ಒಳಬಂದ ಎರಡು ಪಲ್ಸಿಗೆ ಒಂದು ಪಲ್ಸ್ ಹೊರಬರುತ್ತದೆ; ಇಂಥ 15 ಮಂಡಲಗಳನ್ನು ಸಾಲಾಗಿ ಇಟ್ಟಾಗ 32,768 ಎಂಬುದು ಅರ್ಧರ್ಧವಾಗುತ್ತ ಸರಿಯಾಗಿ 1ಕ್ಕೆ ಬಂದು ನಿಲ್ಲುತ್ತದೆ. ಒಳಬಂದ ಅಲೆಯ ಆಕಾರ ಓರೆಕೋರೆಯಾಗಿದ್ದರೂ ಅದರ ಆವರ್ತನ ಸ್ಥಿರವಾಗಿದ್ದರೆ, ಹೊರಬರುವ ಅಲೆ ಅರ್ಧ ಕಾಲ ಮೇಲೆ, ಅರ್ಧ ಕಾಲ ಕೆಳಗೆ ಇರುತ್ತದೆ ಎಂಬುದು ಈ ವಿಧಾನದ ನಿಜವಾದ ಸೊಗಸು.

ಪಲ್ಸಿನ ಅಗಲವನ್ನೂ ಎಣಿಕೆಯಿಂದಲೇ ನಿರ್ಧರಿಸಬಹುದು. 16 ಮೆಗಾಹರ್ಟ್ಜ್ ಹರಳಿನ ಮೈಕ್ರೋಕಂಟ್ರೋಲರಿನಲ್ಲಿ ಆ ಆವರ್ತನವನ್ನು 8ರಿಂದ ಭಾಗಿಸಿದಾಗ ಒಂದೊಂದು ಎಣಿಕೆಗೆ ಅರ್ಧ ಮೈಕ್ರೋಸೆಕೆಂಡು ಹಿಡಿಯುತ್ತದೆ. ಕೌಂಟರು 3,000 ಎಣಿಸುವವರೆಗೆ ವೋಲ್ಟೇಜನ್ನು ಮೇಲಿಟ್ಟು, 40,000ಕ್ಕೆ ಮತ್ತೆ ಸೊನ್ನೆಯಿಂದ ಆರಂಭಿಸಿದರೆ, ಸರ್ವೋ ಮೋಟಾರನ್ನು ನಡುಮಧ್ಯೆ ನಿಲ್ಲಿಸುವ 1.5 ಮಿಲಿಸೆಕೆಂಡಿನ ಪಲ್ಸ್ 20 ಮಿಲಿಸೆಕೆಂಡಿಗೊಮ್ಮೆ ದೊರೆಯುತ್ತದೆ.

ಎಣಿಸುವ ಮಂಡಲಕ್ಕೆ ಹರಳಿನ ತಪ್ಪನ್ನು ಮಾತ್ರ ತಾನಾಗಿ ಕಂಡುಹಿಡಿಯಲಾಗದು. ಗಡಿಯಾರದ ಹರಳು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಚಳಿಯತ್ತ ಸರಿದರೂ ಸೆಕೆಯತ್ತ ಸರಿದರೂ ನಿಧಾನವಾಗುತ್ತದೆ. ಹಾಗಾಗಿ ಹೆಚ್ಚಿನ ನಿಖರತೆ ಬೇಕಾದಲ್ಲಿ ಉಷ್ಣತೆಯನ್ನು ಅಳೆದು ಆವರ್ತನವನ್ನು ತಿದ್ದುವ ಆಂದೋಲಕಗಳನ್ನು ಬಳಸುತ್ತಾರೆ, ಇಲ್ಲವೇ ಜಿಪಿಎಸ್ ಉಪಗ್ರಹಗಳ ಪರಮಾಣು ಗಡಿಯಾರಗಳಿಗೆ ಹೊಂದಿಕೊಂಡು ಬರುವ ಸೆಕೆಂಡಿನ ಪಲ್ಸಿನೊಡನೆ ಹರಳನ್ನು ಮತ್ತೆ ಮತ್ತೆ ತಾಳೆನೋಡಿ ಸರಿಪಡಿಸುತ್ತಾರೆ.